ಮುಚ್ಚಿಹೋದ ಲೋಕಲ್ ಸ್ಟೇಷನ್ನಿನ ಚರಿತ್ರೆ ಹುಡುಕೋದು ಹೇಗೆ: ಅಂಧೇರಿ–ಟ್ರಾಂಬೆ ಲೈನಿನ ಜಾಡು ಹಿಡಿದು

ಮುಂಬೈಯ ಅಂಧೇರಿಯಿಂದ ಕುರ್ಲಾ ಮೇಲಾಗಿ ಟ್ರಾಂಬೆಗೆ ಒಂದು ಕಾಲದಲ್ಲಿ ರೈಲು ಓಡ್ತಿತ್ತು ಅಂದ್ರೆ ಸಾಕಿನಾಕಾದಲ್ಲಿ ವರ್ಷಗಟ್ಟಲೆ ಹೋಟೆಲು ನಡೆಸ್ತಿರೋ ನಮ್ಮೂರಿನ ಶೆಟ್ರುಗಳೇ ನಂಬಲ್ಲ. ಆದ್ರೆ ಓಡ್ತಿತ್ತು. 1928ರಲ್ಲಿ ಜಿಐಪಿ ರೈಲ್ವೆ, ಅಂದ್ರೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯವರು ಶುರು ಮಾಡಿದ್ದು, ಸುಮಾರು 13 ಕಿಲೋಮೀಟರ್ ಉದ್ದ, 1934ಕ್ಕೆ ಬಂದ್. ಆರೇ ವರ್ಷದ ಆಯಸ್ಸು. ಆಮೇಲೆ ಅಂಧೇರಿಯಿಂದ ಪೂರ್ವಕ್ಕೆ ಜನ ಕೂತು ಹೋಗೋ ರೈಲು ಅಂತ ಮತ್ತೆ ಬಂದಿದ್ದು 2014ರ ಜೂನ್ 8ಕ್ಕೆ, ಘಾಟ್‌ಕೋಪರ್ ಮೆಟ್ರೋ ರೂಪದಲ್ಲಿ. ನಡುವೆ 80 ವರ್ಷ ಆ ಕಡೆಯ ಜನ ಬಸ್ಸಲ್ಲಿ, ರಿಕ್ಷಾದಲ್ಲಿ, ಕಾಲ್ನಡಿಗೆಯಲ್ಲಿ ಒದ್ದಾಡಿದ್ರು.

ಮುಂಬೈಯಲ್ಲಿ ಮುಚ್ಚಿದ ಸ್ಟೇಷನ್ ಇದೊಂದೇ ಅಲ್ಲ, ಕೊಲಾಬಾ ಟರ್ಮಿನಸ್ ಇತ್ತು, ಹಡಗಿಂದ ಇಳಿದವರು ನೇರ ರೈಲು ಹತ್ತೋ ಬಲ್ಲಾರ್ಡ್ ಪಿಯರ್ ಮೋಲ್ ಸ್ಟೇಷನ್ ಇತ್ತು. ಅವು ದೊಡ್ಡವರ ಸ್ಟೇಷನ್ನುಗಳು, ಹಾಗಾಗಿ ಫೋಟೋ ಉಳಿದಿದೆ, ಬರೆದವರೂ ಇದ್ದಾರೆ. ಬ್ರಾಂಚ್ ಲೈನಿನ ಸಣ್ಣ ಸ್ಟೇಷನ್ನಿಗೆ ಆ ಭಾಗ್ಯ ಇಲ್ಲ, ಕೂಲಿಯವರು, ತರಕಾರಿ ಮಾರೋರು, ಮಿಲ್ಲಿಗೆ ಹೋಗೋರು ಹತ್ತಿ ಇಳಿಯೋ ಜಾಗ ಅದು, ಅದನ್ನ ಯಾರೂ ಕೂತು ಬರೆದಿಡಲ್ಲ. ಅದಕ್ಕೇ ಅದರ ಚರಿತ್ರೆ ಹುಡುಕೋ ಕೆಲಸ ಅಲ್ಲೇ ವಾಸ ಮಾಡೋ ನಮ್ಮಂಥವರ ಪಾಲಿಗೆ ಬರತ್ತೆ. ಚೆಂಬೂರಲ್ಲೋ ಮರೋಲಲ್ಲೋ ಇದ್ದು, ಭಾನುವಾರ ಅರ್ಧ ದಿನ ಬಿಡುವು ಮಾಡ್ಕೊಳ್ಳೋ ಮನಸ್ಸಿದ್ರೆ ಯಾರು ಬೇಕಾದ್ರೂ ಮಾಡ್ಬಹುದು. ಅಂಧೇರಿ–ಟ್ರಾಂಬೆ ಲೈನನ್ನೇ ಉದಾಹರಣೆ ಇಟ್ಕೊಂಡು ಹೇಳ್ತೀನಿ, ನಿಮ್ಮ ಏರಿಯಾದ ಯಾವ ಸ್ಟೇಷನ್ನಿಗಾದ್ರೂ ಇದೇ ದಾರಿ.

ಮೊದಲು ಹೆಸರು, ಆಮೇಲೆ ಯಜಮಾನ

ಈಗಿನ ಹೆಸರು ಹಾಕಿ ಹುಡುಕಿದ್ರೆ ಹಳೇ ಕಾಗದ ಸಿಗಲ್ಲ. 1867ರ ಏಪ್ರಿಲ್ 12ರಂದು ವಿರಾರಿಂದ ಬಾಂಬೆ ಬ್ಯಾಕ್‌ಬೇಗೆ ಮೊದಲ ಲೋಕಲ್ ಓಡ್ತಲ್ಲ, ದಿನಕ್ಕೆ ಹೋಗೋಕೆ ಒಂದು ಬರೋಕೆ ಒಂದು, ಆಗಿನ ಸ್ಟೇಷನ್ ಪಟ್ಟಿ ನೋಡಿದ್ರೆ ಅಂಧೇರಿ ಅಂದಾರು ಆಗಿದೆ, ಬೋರಿವಲಿ ಬೋರೆವ್ಲಾ, ಬಾಂದ್ರಾ ಬಾಂದೋರಾ, ವಸಾಯಿ ಬಸೇನ್, ನಾಲಾಸೋಪಾರಾ ನೀಲಾ. ಗೋರೆಗಾಂವ್ ಅನ್ನೋದೇ ಇಲ್ಲ, ಅದು ಪಹಾಡಿ. ಕುರ್ಲಾ ಬೇಕಂದ್ರೆ ಇಂಗ್ಲಿಷಲ್ಲಿ ಕೆ ಬದಲು ಸಿ ಹಾಕಿ, ಮುಂದೆ ಎರಡು ಓ ಹಾಕಿ ಹುಡುಕಿ, ಆಗ ರಾಶಿ ಬೀಳತ್ತೆ. ಕಲೀನಾ ಹಳೇ ಕಾಗದದಲ್ಲಿ ಕೋಲೆ ಕಲ್ಯಾಣ್. ನಿಮ್ಮ ಸ್ಟೇಷನ್ನಿಗೆ, ಅದರ ಅಕ್ಕಪಕ್ಕದ ಹಳ್ಳಿಗಳಿಗೆ ಹೀಗೆ ಎಷ್ಟು ಹೆಸರಿದ್ವೋ ಅಷ್ಟನ್ನೂ ಒಂದು ಹಾಳೆಯಲ್ಲಿ ಬರ್ಕೊಂಡೇ ಮುಂದೆ ಹೋಗಿ. ಲೈನಿನ ಹೆಸರೂ ಹಾಗೇ. ಈ ಅಂಧೇರಿ–ಟ್ರಾಂಬೆ ಲೈನಿಗೆ ಸಾಲ್ಸೆಟ್–ಟ್ರಾಂಬೆ ರೈಲ್ವೆ ಅಂತ ಒಂದು ಹೆಸರು, ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇ ಅಂತ ಇನ್ನೊಂದು. ಬರೀ ರೈಲ್ವೆ ಅಂತ ಇಂಡೆಕ್ಸ್ ನೋಡಿದವರಿಗೆ ಟ್ರಾಮ್‌ವೇ ಅನ್ನೋ ತಲೆಬರಹದ ಕೆಳಗೆ ಇಟ್ಟಿರೋ ಕಾಗದ ಜನ್ಮದಲ್ಲಿ ಸಿಗಲ್ಲ.

ಆಮೇಲೆ ಆ ಲೈನು ಯಾರದ್ದು ಅನ್ನೋದು. ಇದು ಬಹಳ ಮುಖ್ಯ, ಯಾಕಂದ್ರೆ ಕಾಗದ ಯಾವ ಆಫೀಸಲ್ಲಿ ಕೂತಿದೆ ಅಂತ ನಿರ್ಧಾರ ಆಗೋದು ಇಲ್ಲೇ. ಜಿಐಪಿ 1925ರಲ್ಲಿ ಸರ್ಕಾರದ ಕೈಗೆ ಬಂತು, 1951ರ ನವೆಂಬರ್ 5ಕ್ಕೆ ಸೆಂಟ್ರಲ್ ರೈಲ್ವೆಯೊಳಗೆ ಸೇರ್ತು. ಬಿಬಿ ಅಂಡ್ ಸಿಐ, ಅಂದ್ರೆ ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯನ್ನ 1942ರಲ್ಲಿ ಸರ್ಕಾರ ತಗೊಂಡ್ತು, ಅದೂ ಅದೇ 1951ರ ನವೆಂಬರ್ 5ಕ್ಕೆ ವೆಸ್ಟರ್ನ್ ರೈಲ್ವೆ ಆಯ್ತು. ಹಾಗಾಗಿ ಹಳೇ ಜಿಐಪಿ ಲೈನಿದ್ರೆ ಸಿಎಸ್‌ಎಂಟಿ ಕಡೆ ಕೇಳ್ಬೇಕು, ಬಿಬಿ ಅಂಡ್ ಸಿಐ ಇದ್ರೆ ಚರ್ಚ್‌ಗೇಟ್ ಕಡೆ. ನಮ್ಮ ಲೈನಿನ ತಮಾಷೆ ಏನಂದ್ರೆ ಅಂಧೇರಿ ಸ್ಟೇಷನ್ನು ಬಿಬಿ ಅಂಡ್ ಸಿಐದ್ದು, ಅಲ್ಲಿಗೆ ಬಂದು ಮುಟ್ತಿದ್ದ ಬ್ರಾಂಚು ಜಿಐಪಿದ್ದು. ಇಂಥ ಜಂಟಿ ಜಾಗಗಳೇ ಹುಡುಕೋರಿಗೆ ಹಬ್ಬ. ಎರಡು ಕಂಪನಿ ಒಂದು ಜಾಗದಲ್ಲಿ ಸೇರಿದ್ರೆ ಯಾರ ಹಳಿ ಎಲ್ಲಿವರೆಗೆ, ಖರ್ಚು ಯಾರದ್ದು, ಬಾಡಿಗೆ ಎಷ್ಟು ಅಂತ ಪತ್ರ ಓಡಾಡಲೇಬೇಕು, ಪತ್ರ ಓಡಾಡಿದ್ರೆ ಎರಡೂ ಕಡೆ ಒಂದೊಂದು ಪ್ರತಿ ಉಳಿಯತ್ತೆ.

ಜಿಲ್ಲೆಯನ್ನೂ ಸರಿಯಾಗಿ ನೋಡ್ಕೊಳ್ಳಿ. ಅಂಧೇರಿ, ಕುರ್ಲಾ ಕಡೆ ಎಲ್ಲ 1920ರವರೆಗೆ ಠಾಣಾ ಜಿಲ್ಲೆ, ಆಮೇಲೆ ಬಾಂಬೆ ಸಬರ್ಬನ್ ಡಿಸ್ಟ್ರಿಕ್ಟ್ ಅಂತ ಬೇರೆ ಮಾಡಿದ್ರು. 1882ರ ಠಾಣಾ ಗೆಝೆಟಿಯರ್ ಆರಾಮಾಗಿ ಆನ್‌ಲೈನಲ್ಲಿ ಸಿಗತ್ತೆ, ಈ ಬ್ರಾಂಚ್ ಲೈನು ಬರೋ ಮುಂಚೆ ಆ ಹಳ್ಳಿಗಳಲ್ಲಿ ಏನಿತ್ತು, ಉಪ್ಪಿನಗದ್ದೆ ಎಲ್ಲಿ, ಬಂದರು ಎಲ್ಲಿ ಅಂತ ತಿಳ್ಕೊಳ್ಳೋಕೆ ಅದಕ್ಕಿಂತ ಒಳ್ಳೇದಿಲ್ಲ.

ಒಂದು ಸ್ಟೇಷನ್ನಿಗೆ ನಾಲ್ಕು ತಾರೀಖು

ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಕೊಳ್ತೀರಿ ಅಂದ್ರೆ ಇದನ್ನ ಇಟ್ಕೊಳ್ಳಿ. ಸ್ಟೇಷನ್ನು ಒಂದೇ ದಿನ ಶುರುವಾಗಲ್ಲ, ಒಂದೇ ದಿನ ಮುಚ್ಚೋದೂ ಇಲ್ಲ. ಗೂಡ್ಸ್ ಗಾಡಿ ಶುರುವಾದ ದಿನ ಬೇರೆ, ಪ್ಯಾಸೆಂಜರ್ ಶುರುವಾದ ದಿನ ಬೇರೆ, ಕೊನೇ ಪ್ಯಾಸೆಂಜರ್ ಹೋದ ದಿನ ಬೇರೆ, ಹಳಿ ಕಿತ್ತ ದಿನ ಬೇರೆ. ನೋಟ್‌ಬುಕ್ಕಲ್ಲಿ ನಾಲ್ಕು ಕಾಲಂ ಹಾಕಿ, ಸಿಕ್ಕ ಪ್ರತಿ ತಾರೀಖನ್ನೂ ಇದು ಯಾವ ಕಾಲಮ್ಮಿಂದು ಅಂತ ಕೇಳಿ ಬರೀರಿ. ಒಂದು ಕಡೆ 1906 ಅಂತ, ಇನ್ನೊಂದು ಕಡೆ 1924 ಅಂತ ಸಿಕ್ಕಿದ ಕೂಡ್ಲೇ ಯಾವುದೋ ಒಂದು ಸುಳ್ಳು ಅಂತ ಹೊಡೆದು ಹಾಕ್ಬೇಡಿ, ಎರಡೂ ನಿಜ ಇರತ್ತೆ.

ಈ 1906, 1924 ಸುಮ್ನೆ ಹೇಳಿದ್ದಲ್ಲ. ಕುರ್ಲಾ–ಚೆಂಬೂರ್ ಸಿಂಗಲ್ ಲೈನು 1906ರಲ್ಲಿ ಹಾಕಿದ್ದು ಊರಿನ ಕಚರಾ ಸಾಗಿಸೋಕೆ, ಕಸದ ಗಾಡಿ ಓಡಾಡೋ ಲೈನದು. ಜನ ಹತ್ತೋ ರೈಲು ಅದರ ಮೇಲೆ ಬಂದಿದ್ದು 1924ಕ್ಕೆ. ಇವತ್ತು ಹಾರ್ಬರ್ ಲೈನಲ್ಲಿ ಚೆಂಬೂರಿಗೆ ನೇತಾಡ್ಕೊಂಡು ಹೋಗೋ ನಮಗೆ ಈ ಸಂಗತಿ ಗೊತ್ತಿರ್ಬೇಕು ಅಂತ ನನಗನಿಸತ್ತೆ, ಯಾಕಂದ್ರೆ ಊರು ತನ್ನ ಕಸ ಕಳ್ಸಿದ ದಿಕ್ಕಿಗೇ ಆಮೇಲೆ ಬಡವರನ್ನೂ ಕಳ್ಸಿದ್ದು. ಹಾರ್ಬರ್ ಲೈನಿನ ಕತೆಯೂ ತುಂಡು ತುಂಡು: 1910ರ ಡಿಸೆಂಬರ್ 12ಕ್ಕೆ ಕುರ್ಲಾದಿಂದ ರೇ ರೋಡ್‌ವರೆಗೆ ಮಾತ್ರ, ಅಲ್ಲಿಂದ ವಿಟಿಗೆ, ಅಂದ್ರೆ ಈಗಿನ ಸಿಎಸ್‌ಎಂಟಿಗೆ, ಸೇರಿದ್ದು 1925ರಲ್ಲಿ. ಅಂದ್ರೆ ಈಗ ನಡುವೆ ಸಿಗೋ ಪುಟ್ಟ ರೇ ರೋಡ್ ಆಗ ಕೊನೇ ಸ್ಟೇಷನ್ನು. ಯಾವ ಸ್ಟೇಷನ್ ಬಗ್ಗೆ ಓದಿದ್ರೂ ಆ ವರ್ಷ ಲೈನು ಎಲ್ಲಿಂದ ಎಲ್ಲಿವರೆಗೆ ಇತ್ತು ಅಂತ ಪಕ್ಕದಲ್ಲಿ ಬರ್ಕೊಳ್ಳಿ, ಆಗ ಆ ಸ್ಟೇಷನ್ನಿನ ತೂಕ ಅರ್ಥ ಆಗತ್ತೆ.

ಮುಚ್ಚಿದ ತಾರೀಖಿಗೆ ಕೊಲಾಬಾ ಒಳ್ಳೇ ಪಾಠ. ಬಾಂಬೆ ಸೆಂಟ್ರಲ್ ಬಂತು ಅದಕ್ಕೇ ಕೊಲಾಬಾ ಹೋಯ್ತು ಅಂತ ಎಲ್ಲರೂ ಒಂದೇ ಉಸಿರಲ್ಲಿ ಹೇಳ್ತಾರೆ. ಬಾಂಬೆ ಸೆಂಟ್ರಲ್ ಶುರುವಾಗಿದ್ದು 1930ರ ಡಿಸೆಂಬರ್ 18ಕ್ಕೆ, ಕೊಲಾಬಾ ಬಂದ್ ಆಗಿದ್ದು ಡಿಸೆಂಬರ್ 31ಕ್ಕೆ. ದೂರದ ಮೇಲ್ ಗಾಡಿಗಳಿಗೆ ಬೇರೆ ಮನೆ ಕಟ್ಟಿದ್ದು ಒಂದು ವಿಷಯ, ಚರ್ಚ್‌ಗೇಟಿಂದ ಆಚೆಗಿನ ಹಳಿಯನ್ನೇ ಬಿಟ್ಟುಕೊಟ್ಟಿದ್ದು ಇನ್ನೊಂದು ವಿಷಯ. ಎರಡನೇದರ ಹಿಂದೆ ಬ್ಯಾಕ್‌ಬೇ ರೆಕ್ಲಮೇಶನ್ ಇದೆ, ಸಮುದ್ರ ತುಂಬಿ ನೆಲ ಮಾಡೋ ಯೋಜನೆ. ಅದರ ಹಣ ಪೋಲಾದ ಬಗ್ಗೆ ಕೆ.ಎಫ್. ನರಿಮನ್ ಎದ್ದು ಮಾತಾಡಿದ್ದು, ಈಗಿನ ನರಿಮನ್ ಪಾಯಿಂಟ್ ಅವರ ಹೆಸರಿಂದೇ. ಹಾಗಾಗಿ ಕೊಲಾಬಾ ಸ್ಟೇಷನ್ ಯಾಕೆ ಮುಚ್ಚಿದ್ರು ಅಂತ ತಿಳೀಬೇಕಂದ್ರೆ ರೈಲ್ವೆ ಫೈಲು ಮಾತ್ರ ನೋಡಿದ್ರೆ ಸಾಲಲ್ಲ, ನೆಲದ ಫೈಲು ನೋಡ್ಬೇಕು. 1928ರ ಜನವರಿ 5ಕ್ಕಷ್ಟೇ ಕೊಲಾಬಾದಿಂದ ಬೋರಿವಲಿಗೆ ಕರೆಂಟ್ ಗಾಡಿ ಶುರು ಮಾಡಿದ್ರು, ಮೂರೇ ವರ್ಷದೊಳಗೆ ಆ ತುದಿ ಕತ್ತರಿಸಿದ್ರು. ಖರ್ಚು ಮಾಡಿ ತಂತಿ ಎಳೆದಿದ್ದಾರೆ ಅಂದ್ಮೇಲೆ ಅದು ಉಳಿಯತ್ತೆ ಅನ್ನೋ ನಮ್ಮ ನಂಬಿಕೆಗೆ ಅರ್ಥ ಇಲ್ಲ ನೋಡಿ. ಈಗ ಆ ಜಾಗದಲ್ಲಿ ಬಧ್ವಾರ್ ಪಾರ್ಕ್ ರೈಲ್ವೆ ಕ್ವಾರ್ಟರ್ಸ್ ಇದೆ.

ಕಾಗದ ಎಲ್ಲೆಲ್ಲಿದೆ

ಹಳೇ ಟೈಮ್‌ಟೇಬಲ್ಲೇ ಮೊದಲ ಆಸ್ತಿ. ಕಲ್ಕತ್ತಾದಿಂದ ಬರ್ತಿದ್ದ ನ್ಯೂಮನ್ಸ್ ಇಂಡಿಯನ್ ಬ್ರಾಡ್‌ಶಾದಲ್ಲಿ ಎಲ್ಲ ಕಂಪನಿಗಳ ಗಾಡಿಗಳೂ ಒಂದೇ ಕಡೆ ಇರತ್ತೆ. ನಿಮ್ಮ ಲೈನಿನ ಪುಟ ಒಂದು ವರ್ಷದ್ದು ಸಿಕ್ಕಿದ್ರೆ ಖುಷಿ ಪಟ್ಟು ಸುಮ್ನೆ ಕೂರ್ಬೇಡಿ, ಹಿಂದಿನ ಮುಂದಿನ ವರ್ಷದ್ದೂ ಹುಡುಕಿ, ಯಾಕಂದ್ರೆ ವಿಷಯ ಇರೋದು ವ್ಯತ್ಯಾಸದಲ್ಲಿ. ಗಾಡಿಗಳ ಸಂಖ್ಯೆ ಇಳೀತಾ ಬಂದಿದ್ರೆ, ರಾತ್ರಿ ಗಾಡಿ ತೆಗೆದಿದ್ರೆ, ಸ್ಟೇಷನ್ ಹೆಸರಿನ ಪಕ್ಕ ಕೈ ತೋರಿಸಿದ್ರೆ ಮಾತ್ರ ನಿಲ್ಲತ್ತೆ ಅನ್ನೋ ಗುರುತು ಬಂದಿದ್ರೆ ಮುಚ್ಚೋ ಕಾಲ ಹತ್ರ ಬಂತು ಅಂತ. ಮೈಲಿ ಲೆಕ್ಕ ಯಾವ ಸ್ಟೇಷನ್ನಿಂದ ಶುರು ಅಂತಾನೂ ನೋಡಿ, ಇವತ್ತು ವೆಸ್ಟರ್ನ್ ಲೈನು ಅಳೆಯೋದು ಚರ್ಚ್‌ಗೇಟಿಂದ, ಕೊಲಾಬಾ ಇದ್ದ ಕಾಲದ ಅಂಕಿ ಇವತ್ತಿನದ್ದಕ್ಕೆ ತಾಳೆ ಆಗ್ಬೇಕು ಅಂತಿಲ್ಲ.

ಗಂಟೆ ವಿಷಯದಲ್ಲಿ ಒಂದು ಎಚ್ಚರ. 1906ರ ಮುಂಚೆ ರೈಲು ಓಡ್ತಿದ್ದು ಮದ್ರಾಸ್ ಟೈಮಲ್ಲಿ, ಅದು ಬಾಂಬೆ ಟೈಮಿಗಿಂತ ಅರ್ಧ ಗಂಟೆ ಮುಂದೆ. 1906ರಲ್ಲಿ ಇಂಡಿಯನ್ ಸ್ಟ್ಯಾಂಡರ್ಡ್ ಟೈಮ್ ಬಂದ ಮೇಲೂ ಬಾಂಬೆ ಊರಿನವರು ದಶಕಗಟ್ಟಲೆ ತಮ್ಮ ಬಾಂಬೆ ಟೈಮನ್ನ ಬಿಡ್ಲಿಲ್ಲ, ಎರಡಕ್ಕೂ 39 ನಿಮಿಷ ವ್ಯತ್ಯಾಸ. ಹಾಗಾಗಿ ಪೇಪರಲ್ಲಿ ಬಂದಿರೋ ಹೊತ್ತಿಗೂ ಟೈಮ್‌ಟೇಬಲ್ಲಿನ ಹೊತ್ತಿಗೂ ಅರ್ಧ ಮುಕ್ಕಾಲು ಗಂಟೆ ಫರಕ್ ಬಂದ್ರೆ ಗಾಡಿ ಲೇಟು ಅಂತ ಬರೆದುಬಿಡ್ಬೇಡಿ.

ಟೈಮ್‌ಟೇಬಲ್ಲಿನ ಜೊತೆಗೆ ರೈಲ್ವೆ ಬೋರ್ಡಿನ ವರ್ಷಾವಾರು ವರದಿಗಳು. ಯಾವ ತುಂಡು ಯಾವ ದಿನ ಓಪನ್, ಎಷ್ಟು ಮೈಲಿ, ಯಾವ ವರ್ಷ ಬಂದ್ ಅನ್ನೋ ಪಟ್ಟಿಗಳು ಅದರಲ್ಲಿ ಇರತ್ತೆ, ಸುಮಾರು ಸಂಪುಟ ಇಂಟರ್ನೆಟ್ ಆರ್ಕೈವಲ್ಲಿ ಪುಕ್ಕಟೆ ಇದೆ. ಸ್ಕ್ಯಾನ್ ಅಕ್ಷರ ಕೆಟ್ಟದಾಗಿರೋದ್ರಿಂದ ಸರ್ಚ್ ಬಾಕ್ಸನ್ನ ನಂಬ್ಬೇಡಿ, ಪುಟ ತಿರುವಿಯೇ ನೋಡಿ.

ಇನ್ನು ನಿಜವಾದ ಗಣಿ ಕಾಲಾಘೋಡಾದಲ್ಲಿದೆ, ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲೇ ಮಹಾರಾಷ್ಟ್ರ ರಾಜ್ಯ ಪತ್ರಾಗಾರ, 1821ರಲ್ಲಿ ಬಾಂಬೆ ರೆಕಾರ್ಡ್ ಆಫೀಸ್ ಅಂತ ಶುರುವಾದದ್ದು. ಸಿಎಸ್‌ಎಂಟಿಯಿಂದಾಗ್ಲಿ ಚರ್ಚ್‌ಗೇಟಿಂದಾಗ್ಲಿ ನಡ್ಕೊಂಡೇ ಹೋಗ್ಬಹುದು. ಮುಂಚೆ ಫೋನ್ ಮಾಡಿ ಏನೇನು ದಾಖಲೆ ತರ್ಬೇಕು ಕೇಳ್ಕೊಳ್ಳಿ, ನಿಮ್ಮ ವಿಷಯ ಏನು ಅಂತ ಒಂದೇ ವಾಕ್ಯದಲ್ಲಿ ಬರ್ಕೊಂಡು ಹೋಗಿ, "ರೈಲ್ವೆ ಇತಿಹಾಸ" ಅಂದ್ರೆ ಅಲ್ಲಿಯವರು ಏನು ತಾನೆ ತೆಗೆದುಕೊಡ್ತಾರೆ, "1926ರಿಂದ 1935, ಕುರ್ಲಾ–ಅಂಧೇರಿ ನಡುವಿನ ಲೈನಿನ ಜಮೀನು" ಅಂದ್ರೆ ಒಂದು ದಾರಿ ಕಾಣತ್ತೆ. ಪಬ್ಲಿಕ್ ವರ್ಕ್ಸ್ ಡಿಪಾರ್ಟ್‌ಮೆಂಟಿನ ರೈಲ್ವೆ ಕಡತ ಕೇಳಿ, ಆದ್ರೆ ಅಲ್ಲಿಗೇ ನಿಲ್ಲಿಸ್ಬೇಡಿ. 1920ರಲ್ಲಿ ಬಾಂಬೆಯ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಅಂತ ಮಾಡಿದ್ರು, ವರಳಿ, ನಾಯಗಾಂವ್ ಬಿಡಿಡಿ ಚಾಳುಗಳ ಬಿಡಿಡಿ ಅದೇ. ಬ್ಯಾಕ್‌ಬೇ ತುಂಬಿದ್ದೂ ಅವರೇ. 1920ರ ದಶಕದ ಉಪನಗರದ ಲೈನು ಹುಡುಕೋರು ಆ ಇಲಾಖೆಯ ಇಂಡೆಕ್ಸನ್ನೂ, ಕಂದಾಯ ಇಲಾಖೆಯ ಭೂಸ್ವಾಧೀನದ ಇಂಡೆಕ್ಸನ್ನೂ ತೆಗೆಸಿ ನೋಡ್ಲೇಬೇಕು. ನನ್ನ ಅಭಿಪ್ರಾಯದಲ್ಲಿ ಭೂಸ್ವಾಧೀನದ ಕಾಗದದಷ್ಟು ಬೆಲೆಬಾಳೋದು ಇನ್ನೊಂದಿಲ್ಲ, ಯಾರ ಗದ್ದೆ, ಯಾವ ಸರ್ವೆ ನಂಬರ್, ಎಷ್ಟು ಗುಂಟೆ ಹೋಯ್ತು, ಎಷ್ಟು ರೂಪಾಯಿ ಕೊಟ್ರು ಎಲ್ಲ ಅದರಲ್ಲಿ ಬರತ್ತೆ, ಸ್ಟೇಷನ್ ಕಟ್ಟೋಕೆ ಯಾರು ನೆಲ ಕಳ್ಕೊಂಡ್ರು ಅನ್ನೋದು ಬೇರೆ ಎಲ್ಲೂ ಬರಲ್ಲ. ಅಲ್ಲಿ ಕಂಡ ಪ್ರತಿ ಕಾಗದದ ಇಲಾಖೆ, ವರ್ಷ, ಸಂಪುಟ, ಪುಟ ಆವಾಗಲೇ ಬರ್ಕೊಳ್ಳಿ.

ಪತ್ರಾಗಾರದಿಂದ ಸ್ವಲ್ಪ ದೂರದಲ್ಲೇ ಟೌನ್ ಹಾಲು, ಏಷಿಯಾಟಿಕ್ ಸೊಸೈಟಿ ಅಲ್ಲಿದೆ, ಹಳೇ ಪೇಪರು, ಸರ್ಕಾರಿ ವರದಿ, ನಕ್ಷೆ ನೋಡೋಕೆ ಅಲ್ಲಿ ಕೇಳಿ.

ಆರ್‌ಟಿಐ ಹಾಕೋದು

ಇದು ಬಹಳ ಜನ ಮಾಡದೇ ಇರೋ ಕೆಲಸ. ಸೆಂಟ್ರಲ್, ವೆಸ್ಟರ್ನ್ ಎರಡೂ ಕೇಂದ್ರ ಸರ್ಕಾರದ್ದು, ಆರ್‌ಟಿಐ ಆನ್‌ಲೈನ್ ಪೋರ್ಟಲ್ಲಲ್ಲಿ 10 ರೂಪಾಯಿ ಕಟ್ಟಿ ಮನೆಯಿಂದಲೇ ಹಾಕ್ಬಹುದು, 30 ದಿನದೊಳಗೆ ಉತ್ತರ ಕೊಡ್ಬೇಕು. ಆದ್ರೆ "ಈ ಲೈನು ಯಾಕೆ ಮುಚ್ಚಿದ್ರಿ" ಅಂತ ಪ್ರಶ್ನೆ ಕೇಳಿದ್ರೆ ಏನೂ ಸಿಗಲ್ಲ, ಆರ್‌ಟಿಐಯಲ್ಲಿ ಕೇಳೋದು ಕಾಗದವನ್ನ. ಮುಚ್ಚುವ ಆದೇಶದ ಪ್ರತಿ, ಆ ಜಾಗದ ಲ್ಯಾಂಡ್ ಪ್ಲಾನಿನ ಪ್ರತಿ, ಆ ವರ್ಷದ ವರ್ಕಿಂಗ್ ಟೈಮ್‌ಟೇಬಲ್ಲಿನ ಇಂಥ ಪುಟ, ಜಮೀನು ಬೇರೆ ಇಲಾಖೆಗೆ ಹಸ್ತಾಂತರ ಆದ ಪತ್ರದ ಪ್ರತಿ, ಹೀಗೆ ಒಂದೊಂದಾಗಿ ಕೇಳಿ. ನೀವು ಕೇಳಿದ್ದು ಬೇರೆ ಆಫೀಸಿನ ಕೈಲಿದ್ರೆ ಐದು ದಿನದೊಳಗೆ ಅವರೇ ಅಲ್ಲಿಗೆ ಕಳಿಸ್ಬೇಕು ಅಂತ ಕಾನೂನಿದೆ, ಸೆಕ್ಷನ್ 6(3). ಇಪ್ಪತ್ತು ವರ್ಷಕ್ಕಿಂತ ಹಳೇದಾದ ವಿಷಯಕ್ಕೆ ಹೆಚ್ಚಿನ ವಿನಾಯಿತಿಗಳು ಅನ್ವಯ ಆಗಲ್ಲ ಅಂತ 8(3) ಹೇಳತ್ತೆ, ಅದನ್ನ ಅರ್ಜಿಯಲ್ಲೇ ಒಂದು ಸಾಲು ಹಾಕಿಬಿಡಿ. ದಾಖಲೆ ಲಭ್ಯ ಇಲ್ಲ ಅಂತ ಉತ್ತರ ಬಂದ್ರೂ ಅದನ್ನ ಜೋಪಾನ ಮಾಡಿ, ಆ ಆಫೀಸಲ್ಲಿ ಇಲ್ಲ ಅನ್ನೋದೂ ಒಂದು ಮಾಹಿತಿ, ಮುಂದೆ ಹುಡುಕೋರ ಸಮಯ ಉಳಿಯತ್ತೆ. ಲ್ಯಾಂಡ್ ಪ್ಲಾನ್ ಒಂದು ಸಿಕ್ಕಿದ್ರೂ ಅರ್ಧ ಕೆಲಸ ಆದಂಗೆ.

ನಕ್ಷೆ ಓದೋದು

ಸರ್ವೆ ಆಫ್ ಇಂಡಿಯಾದ ಹಳೇ ಶೀಟುಗಳಲ್ಲಿ ಅಂಧೇರಿ, ಕುರ್ಲಾ, ಚೆಂಬೂರ್ ಎಲ್ಲ ಬರೋದು 47 ಎ/16ರಲ್ಲಿ, ಅದರ ಕೆಳಗಿನ ದಕ್ಷಿಣದ ಭಾಗ 47 ಬಿ/13. ನಿಮಗೆ ಬೇಕಾಗಿರೋದು ಇಂಚಿಗೆ ಒಂದು ಮೈಲಿಯ ಹಳೇ ಆವೃತ್ತಿ, ಲೈನು ಇದ್ದ ಕಾಲದ್ದು. ನಕ್ಷೆಯ ಅಂಚಲ್ಲಿ ಎರಡು ವರ್ಷ ಇರತ್ತೆ, ಸರ್ವೆ ಮಾಡಿದ್ದು ಒಂದು, ಅಚ್ಚಾಗಿದ್ದು ಒಂದು. ಅಚ್ಚಿನ ವರ್ಷ ನೋಡಿ ಆ ವರ್ಷ ಲೈನು ಇತ್ತು ಅಂತ ಬರೆದ್ರೆ ತಪ್ಪಾಗತ್ತೆ, ಸರ್ವೆ ವರ್ಷವೇ ಲೆಕ್ಕ. ಆರು ವರ್ಷ ಮಾತ್ರ ಬದುಕಿದ ಲೈನು ಎರಡು ಸರ್ವೆಗಳ ನಡುವೆ ಬಿದ್ದು ನಕ್ಷೆಗೆ ಸೇರದೇ ಇರೋ ಸಾಧ್ಯತೆಯೂ ಇದೆ, ನಕ್ಷೆಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಲೈನೇ ಇರ್ಲಿಲ್ಲ ಅಂತ ಅಲ್ಲ.

1955ರ ಆಸುಪಾಸಿನ ಅಮೆರಿಕನ್ ಆರ್ಮಿ ಮ್ಯಾಪುಗಳು, ಯು502 ಸರಣಿ ಅಂತಾರೆ, ಟೆಕ್ಸಾಸ್ ಯೂನಿವರ್ಸಿಟಿಯ ಲೈಬ್ರರಿ ಸೈಟಲ್ಲಿ ಪುಕ್ಕಟೆ ಇದೆ, ಆದ್ರೆ ಅದರ ಅಳತೆ ಎರಡೂವರೆ ಲಕ್ಷಕ್ಕೆ ಒಂದು, ದಿಕ್ಕು ತಿಳಿಯತ್ತೆ ಅಷ್ಟೇ, ಗಲ್ಲಿ ತಿಳಿಯಲ್ಲ. ಅದಕ್ಕಿಂತ ನನಗೆ ಇಷ್ಟ ಕೊರೋನಾ ಉಪಗ್ರಹದ ಫೋಟೋಗಳು. 1960ರಿಂದ 1972ರವರೆಗೆ ಅಮೆರಿಕದವರು ಗುಟ್ಟಾಗಿ ತೆಗೆದ ಕಪ್ಪುಬಿಳುಪು ಫೋಟೋ, 1995ರಲ್ಲಿ ಬಹಿರಂಗ ಮಾಡಿದ್ರು, ಅಮೆರಿಕದ ಭೂಸರ್ವೆ ಸಂಸ್ಥೆಯಾದ ಯುಎಸ್‌ಜಿಎಸ್ ಸೈಟಲ್ಲಿ ಹುಡುಕ್ಬಹುದು. ಆಗ ಮರೋಲ್, ಕಲೀನಾ ಕಡೆ ಇಷ್ಟು ಕಟ್ಟಡ ಇರ್ಲಿಲ್ಲ, ಗದ್ದೆ ನಡುವೆ ಹಳೇ ಹಾದಿ ಇದ್ರೆ ಗೆರೆಯಾಗಿ ಕಾಣೋ ಅವಕಾಶ ಇವತ್ತಿನ ಗೂಗಲ್ ಫೋಟೋಗಿಂತ ಎಷ್ಟೋ ಹೆಚ್ಚು. ಕ್ಯೂಜಿಐಎಸ್ ಅನ್ನೋ ಪುಕ್ಕಟೆ ಸಾಫ್ಟ್‌ವೇರಲ್ಲಿ ಹಳೇ ನಕ್ಷೆಯನ್ನ ಹೊಸದರ ಮೇಲೆ ಕೂರಿಸೋದು ಕಲೀರಿ. ಹೊಂದಿಸೋಕೆ ಗುರುತು ಬೇಕಲ್ಲ, ಚರ್ಚು, ಕೆರೆ, ಈಗಲೂ ಇರೋ ರೈಲ್ವೆ ಜಂಕ್ಷನ್ ಇಂಥದ್ದನ್ನ ತಗೊಳ್ಳಿ, ರಸ್ತೆ ತಿರುವನ್ನ ತಗೋಬೇಡಿ, ರಸ್ತೆಗಳು ಜಾಗ ಬಿಟ್ಟು ಸರಿದಿರತ್ತೆ.

ಕೂರಿಸಿದ ಮೇಲೆ ಏನು ನೋಡ್ಬೇಕು ಅಂದ್ರೆ ತಿರುವು. ರೈಲು ಗಕ್ಕಂತ ತಿರುಗಲ್ಲ, ಅದರ ತಿರುವು ದೊಡ್ಡದು, ನಿಧಾನದ್ದು. ಸುತ್ತ ಎಲ್ಲ ಗಲ್ಲಿಗಳೂ ಚೌಕಾಕಾರವಾಗಿರೋವಾಗ ಒಂದು ರಸ್ತೆಯೋ ಒಂದು ಸಾಲು ಕಾಂಪೌಂಡ್ ಗೋಡೆಯೋ ಮಾತ್ರ ಬಿಲ್ಲಿನಂತೆ ಬಾಗಿ ಹೋಗ್ತಿದ್ರೆ ಅಲ್ಲಿ ಹಳಿ ಇತ್ತಾ ಅಂತ ಅನುಮಾನ ಪಡಿ. ಬಿಎಂಸಿಯ ಡೆವಲಪ್‌ಮೆಂಟ್ ಪ್ಲಾನ್ 2034ರ ಶೀಟುಗಳಲ್ಲಿ ಪ್ಲಾಟಿನ ಗಡಿಗಳು ಚೆನ್ನಾಗಿ ಕಾಣತ್ತೆ, ಉದ್ದಕ್ಕೆ ಸಪೂರವಾಗಿ ಬಾಗಿದ ಪ್ಲಾಟು ಸಿಕ್ಕಿದ್ರೆ ಅದರ ಸಿಟಿಎಸ್ ನಂಬರ್, ಅಂದ್ರೆ ಸಿಟಿ ಸರ್ವೆ ನಂಬರ್, ಬರ್ಕೊಂಡು ಪ್ರಾಪರ್ಟಿ ಕಾರ್ಡ್ ತೆಗೆಸಿ, ಹಿಂದಿನ ಮಾಲೀಕರ ಕಾಲಮ್ಮಲ್ಲಿ ರೈಲ್ವೆ ಹೆಸರು ಇದೆಯಾ ನೋಡಿ.

ನಡೆದು ನೋಡೋದು

ನಡಿಗೆಗೆ ಮಳೆಗಾಲ ಮುಗಿದು ಹುಲ್ಲು ಒಣಗಿದ ಮೇಲೆ ಹೋಗಿ, ಡಿಸೆಂಬರ್ ಜನವರಿ ಒಳ್ಳೇದು. ಏರು ತಗ್ಗಿನ ನಡುವೆ ಸಮತಟ್ಟಾದ ದಿಬ್ಬ, ಮೋರಿ ಮೇಲಿನ ಹಳೇ ಕಲ್ಲು ಕಮಾನು, ಕಂಪನಿಯ ಅಕ್ಷರ ಕೆತ್ತಿದ ಗಡಿಕಲ್ಲು, ಇವನ್ನ ಹುಡುಕೋದು. ಹಳಿಯ ತುಂಡನ್ನ ಮುಂಬೈಯಲ್ಲಿ ಬೇಲಿಕಂಬ, ಚರಂಡಿಗೆ ಅಡ್ಡ, ಗೇಟಿನ ತೊಲೆ ಹೀಗೆ ಎಲ್ಲದಕ್ಕೂ ಬಳಸ್ತಾರೆ, ಅದರ ಪಕ್ಕದ ಮೈಮೇಲೆ ತಯಾರಿಸಿದವರ ಹೆಸರು ಮತ್ತು ವರ್ಷ ಉಬ್ಬಾಗಿ ಇರತ್ತೆ, ಬ್ರಷ್ಷಲ್ಲಿ ತುಕ್ಕು ಉಜ್ಜಿ ಓದಿ. ಅದು ಹಳಿ ತಯಾರಾದ ವರ್ಷ, ಅಲ್ಲಿ ಹಾಕಿದ ವರ್ಷ ಅಲ್ಲ. ಹಳಿಯನ್ನ ಒಂದು ಲೈನಿಂದ ಕಿತ್ತು ಇನ್ನೊಂದಕ್ಕೆ ಹಾಕೋದು ಸಾಮಾನ್ಯ, ಹಾಗಾಗಿ ಒಂದು ಹಳಿ ತುಂಡು ನೋಡಿ ಲೈನು ಇಲ್ಲೇ ಇತ್ತು ಅಂತ ತೀರ್ಮಾನ ಮಾಡೋಕಾಗಲ್ಲ.

ಟ್ರಾಂಬೆ ಕಡೆ ಹೋಗೋರು ಎರಡು ವಿಷಯ ಗಮನದಲ್ಲಿಡಿ. ಮಾಹುಲ್, ಟ್ರಾಂಬೆಯಲ್ಲಿ ಈಗಲೂ ಹಳಿಗಳಿವೆ, ಟ್ಯಾಂಕರ್ ವ್ಯಾಗನ್ ಓಡಾಡತ್ತೆ, ನೋಡಿದ ಕೂಡ್ಲೇ ಇದೇ ಆ ಲೈನು ಅಂತ ಅನಿಸತ್ತೆ. ಆ ಕಡೆ ರಿಫೈನರಿಗಳು, ಪರಮಾಣು ಕೇಂದ್ರ ಬಿಎಆರ್‌ಸಿ ಎಲ್ಲ ಬಂದಿದ್ದು 1950ರ ದಶಕದಲ್ಲಿ, 1934ರ ಲೈನು ಮುಚ್ಚಿ ಎಷ್ಟೋ ವರ್ಷ ಆದ ಮೇಲೆ. ಈಗಿನ ಸೈಡಿಂಗಿನ, ಅಂದ್ರೆ ಕಾರ್ಖಾನೆಗೆ ಹೋಗೋ ಪಕ್ಕದ ಹಳಿಯ, ಯಾವ ತುಂಡಾದ್ರೂ ಹಳೇ ಹಾದಿ ಮೇಲಿದೆಯಾ ಅನ್ನೋದನ್ನ ಲ್ಯಾಂಡ್ ಪ್ಲಾನ್ ನೋಡಿಯೇ ಹೇಳ್ಬೇಕು. ಎರಡನೇದು, ಬಿಎಆರ್‌ಸಿ, ರಿಫೈನರಿ, ಏರ್‌ಪೋರ್ಟ್ ಗೋಡೆ ಹತ್ರ ಕ್ಯಾಮೆರಾ ಹೊರಗೆ ತೆಗೀಲೇಬೇಡಿ. ಹಳಿ ಮೇಲೂ ಇಳೀಬೇಡಿ, ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ನಲ್ಲಿ ಅತಿಕ್ರಮಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ, ಅದಕ್ಕಿಂತ ಜೀವ ದೊಡ್ಡದು. ಪಬ್ಲಿಕ್ ರಸ್ತೆಯಿಂದ, ಫುಟ್ ಓವರ್ ಬ್ರಿಡ್ಜಿಂದ ಎಷ್ಟು ಕಾಣತ್ತೋ ಅಷ್ಟೇ ಸಾಕು.

ಜನರನ್ನ ಕೇಳೋದು

ಇದರಲ್ಲಿ ವಯಸ್ಸಿನ ಲೆಕ್ಕ ಮೊದಲು ಹಾಕ್ಬೇಕು. 1934ರಲ್ಲಿ ಆರು ವರ್ಷದ ಮಗುವಾಗಿದ್ದವರು ಇವತ್ತು ನೂರರ ಹತ್ರ. ಆ ರೈಲನ್ನ ಸ್ವತಃ ಹತ್ತಿದವರ ಬಾಯಿಂದ ಕೇಳೋ ಕಾಲ ಬಹುತೇಕ ಮುಗೀತು, ಈಗ ಸಿಗೋದು ಅಪ್ಪ ಹೇಳ್ತಿದ್ರು, ಅಜ್ಜಿ ಹೇಳ್ತಿದ್ರು ಅನ್ನೋ ಮಾತು. ಅದಕ್ಕೂ ಬೆಲೆ ಇದೆ, ಆದ್ರೆ ನೋಟ್‌ಬುಕ್ಕಲ್ಲಿ ಯಾರು ಹೇಳಿದ್ದು, ಅವರು ಯಾರಿಂದ ಕೇಳಿದ್ದು ಅಂತ ಎರಡೂ ಬರೀಬೇಕು.

ಸಹಾರ್, ಮರೋಲ್, ಚಕಾಲಾ, ಕೋಲೆ ಕಲ್ಯಾಣ್ ಇವೆಲ್ಲ ಈಸ್ಟ್ ಇಂಡಿಯನ್ ಅಂತ ಕರ್ಸಿಕೊಳ್ಳೋ ಇಲ್ಲಿನ ಮೂಲ ಕ್ರೈಸ್ತರ ಹಳೇ ಗಾವಠಾಣಗಳು, ಅಂದ್ರೆ ಮೂಲ ಹಳ್ಳಿಗಳು, ಟ್ರಾಂಬೆ ಮಾಹುಲ್ ಕಡೆ ಕೋಳಿ ಅನ್ನೋ ಸಮುದಾಯದ ಮೀನುಗಾರರ ವಾಡಿಗಳು. ನಾವೆಲ್ಲ ಊರಿಂದ ಬಂದು ಸೇರ್ಕೊಂಡವರು, ಅವರು ಈ ನೆಲದಲ್ಲೇ ಹುಟ್ಟಿದವರು, ಈ ಮರ್ಯಾದೆ ಮನಸ್ಸಲ್ಲಿಟ್ಕೊಂಡು ಹೋಗಿ. ಮರಾಠಿಯಲ್ಲಿ ಮಾತಾಡಿಸಿ, ಕಾಕಾ, ಮಾವಶಿ, ಅಂಕಲ್ ಅಂತ ಅವರ ಮನೆಯ ರೂಢಿ ನೋಡಿ ಕರೀರಿ. ಗುಂಪು ಕಟ್ಕೊಂಡು ಹೋಗ್ಬೇಡಿ, ಬಿಲ್ಡರ್ ಕಡೆಯವರು ಅಂತ ತಿಳ್ಕೊಳ್ತಾರೆ, ಆ ಜನ ನೆಲದ ವಿಷಯದಲ್ಲಿ ಸಾಕಷ್ಟು ನೊಂದಿದ್ದಾರೆ. "ಇಲ್ಲಿ ರೈಲ್ವೆ ಸ್ಟೇಷನ್ ಇತ್ತಾ" ಅಂತ ನೇರ ಕೇಳಿದ್ರೆ ಅತಿಥಿಯನ್ನ ನಿರಾಸೆ ಮಾಡ್ಬಾರ್ದು ಅಂತ ಹೂಂ ಅಂದುಬಿಡ್ತಾರೆ. ಅದರ ಬದಲು ನಿಮ್ಮ ಅಜ್ಜ ಪೇಟೆಗೆ ಹೇಗೆ ಹೋಗ್ತಿದ್ರು, ಮೀನು ತರಕಾರಿ ಯಾವ ದಾರಿಯಲ್ಲಿ ಹೋಗ್ತಿತ್ತು, ಏರ್‌ಪೋರ್ಟ್ ಬರೋ ಮುಂಚೆ ಈ ಗೋಡೆ ಆಚೆ ಏನಿತ್ತು ಅಂತ ಕೇಳಿ ಸುಮ್ನೆ ಕೂತ್ಕೊಳ್ಳಿ. ರೈಲಿನ ಮಾತು ಅವರಾಗೇ ತೆಗೆದ್ರೆ ಅದಕ್ಕೆ ಬೆಲೆ.

ನಮ್ಮವರನ್ನೂ ಮರೀಬೇಡಿ. ಮುಂಬೈಯ ಕನ್ನಡ, ತುಳು ಸಂಘಗಳು, ಫೋರ್ಟಿನ ರಾತ್ರಿಶಾಲೆಗಳು ಬೆಳ್ಳಿಹಬ್ಬ, ಸುವರ್ಣ ಮಹೋತ್ಸವ ಅಂತ ಸ್ಮರಣ ಸಂಚಿಕೆ ತರ್ತಾವಲ್ಲ, ಅದರಲ್ಲಿ ಹಿರಿಯರು ತಾವು ಊರು ಬಿಟ್ಟು ಬಂದ ಕತೆ ಬರೆದಿರ್ತಾರೆ, ಹಡಗಲ್ಲಿ ಬಂದು ಇಳಿದದ್ದು, ಯಾವ ಚಾಳಲ್ಲಿ ಉಳಿದದ್ದು, ಕೆಲಸಕ್ಕೆ ಯಾವ ಗಾಡಿ ಹಿಡಿದದ್ದು. ಸನ್ಮಾನದ ಫೋಟೋಗಳ ನಡುವೆ ಇಂಥ ಎರಡು ಸಾಲು ಸಿಕ್ಕಿದ್ರೆ ಸಾಕು. ಯಾವ ಲೈಬ್ರರಿ ಕ್ಯಾಟಲಾಗಲ್ಲೂ ಇವು ಇರಲ್ಲ, ಸಂಘದ ಕಪಾಟಲ್ಲಿ ಕಟ್ಟಿಟ್ಟಿರ್ತಾರೆ, ಕಾರ್ಯದರ್ಶಿಯವರ ಹತ್ರ ಕೇಳಿ ಕೂತು ಓದ್ಬೇಕು.

ಕಾರಣ ಬರೆಯೋ ಮುಂಚೆ

ಎಲ್ಲ ಸಿಕ್ಕ ಮೇಲೆ ಯಾಕೆ ಮುಚ್ತು ಅಂತ ಬರೆಯೋ ಆಸೆ ಬರತ್ತೆ, ಅಲ್ಲೇ ಜೋಪಾನ. ಈ ಲೈನಿನ ಬಗ್ಗೆ ಸುಲಭವಾಗಿ ಬಾಯಿಗೆ ಬರೋ ಮಾತು ಏರ್‌ಪೋರ್ಟ್ ಬಂತು, ಲೈನು ಹೋಯ್ತು ಅಂತ. ತಾರೀಖು ಪಕ್ಕಪಕ್ಕ ಇಟ್ಟು ನೋಡಿ. ಲೈನು ಬಂದ್ ಆಗಿದ್ದು 1934. ಸಾಂತಾಕ್ರೂಜ್ ವಿಮಾನನೆಲೆಗೆ ಬ್ರಿಟಿಷ್ ವಾಯುಪಡೆಯ ತುಕಡಿಗಳು ಬಂದು ಕೂತಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಜನ ಹತ್ತೋ ವಿಮಾನಗಳು ಜುಹೂ ಬಿಟ್ಟು ಅಲ್ಲಿಗೆ ಬಂದಿದ್ದು 1948ರಲ್ಲಿ. ಲೈನು ಹೋಗಿದ್ದ ಪ್ರದೇಶವನ್ನ ಏರ್‌ಪೋರ್ಟ್ ಆವರಿಸ್ಕೊಂಡಿದ್ದು ಬೇರೆ ಸಂಗತಿ, ಏರ್‌ಪೋರ್ಟಿಗೋಸ್ಕರ ಲೈನು ಮುಚ್ಚಿದ್ದು ಬೇರೆ ಸಂಗತಿ, ಎರಡನೇದನ್ನ ಬರೀಬೇಕಂದ್ರೆ 1934ರದ್ದೇ ಕಾಗದ ಕೈಲಿರ್ಬೇಕು. ಆಗ ಜಗತ್ತಿನ ವ್ಯಾಪಾರವೇ ಕುಸಿದಿದ್ದ ಕಾಲ, 1929ರ ನಂತರದ್ದು, ರೈಲ್ವೆಗಳು ಎಲ್ಲ ಕಡೆ ಖರ್ಚು ಕಡಿಮೆ ಮಾಡ್ತಿದ್ವು. ಅದೂ ಕಾರಣ ಇರಬಹುದಾ ಅಂತ ನೋಡೋಕೆ ಆ ವರ್ಷಗಳ ವರದಿಯಲ್ಲಿ ಲೈನಿನ ಆದಾಯ ಮತ್ತು ಖರ್ಚಿನ ಸಾಲು ಹುಡುಕಿ, ಸಿಕ್ಕಿದ್ರೆ ಬರೀರಿ, ಸಿಗದಿದ್ರೆ ಕಾರಣದ ಜಾಗ ಖಾಲಿ ಬಿಡಿ.

ಬರೆಯೋವಾಗ ಪ್ರತಿ ಮಾತಿನ ಜೊತೆ ಅದು ಟೈಮ್‌ಟೇಬಲ್ಲಿಂದ ಬಂದದ್ದಾ, ನಕ್ಷೆಯಿಂದಾ, ಕಡತದಿಂದಾ, ಬಾಯಿಮಾತಾ ಅಂತ ವಾಕ್ಯದೊಳಗೇ ಹೇಳಿ. ಕಾಗದ, ನಕ್ಷೆ, ನೆಲ ಈ ಮೂರರಲ್ಲಿ ಎರಡಾದ್ರೂ ಒಪ್ಪಿದ್ರೆ ಧೈರ್ಯವಾಗಿ "ಇಲ್ಲಿ ಇತ್ತು" ಅನ್ನಿ. ಬರೆದಾದ ಮೇಲೆ ಒಂದು ಪ್ರತಿ ಕನ್ನಡ ಸಂಘದ ಲೈಬ್ರರಿಗೆ ಕೊಡಿ, ಮರಾಠಿಯಲ್ಲಿ ಎರಡು ಪುಟದ ಸಾರಾಂಶ ಮಾಡಿ ಮಾಹಿತಿ ಕೊಟ್ಟ ಗಾವಠಾಣದವರ ಮನೆಗೆ ನೀವೇ ತಲುಪಿಸಿ, ಆಗ ಅವರ ಪೆಟ್ಟಿಗೆಯಲ್ಲಿರೋ ಹಳೇ ಟಿಕೇಟೋ ಜಮೀನಿನ ಕಾಗದವೋ ಹೊರಗೆ ಬರೋ ಸಾಧ್ಯತೆ ಇದೆ. ಹಾಗೆ ಬಂದ್ರೆ ಅಲ್ಲೇ ಅವರ ಮುಂದೆಯೇ ಮೊಬೈಲಲ್ಲಿ ಎರಡೂ ಮಗ್ಗುಲು ಫೋಟೋ ತಗೊಂಡು ಅಸಲನ್ನ ಅವರ ಕೈಗೇ ವಾಪಸ್ ಕೊಡಿ.